ಉಪ್ಪಿನ ಬಟ್ಟಲು

“ಇವತ್ತಿಂದ ಉಪ್ಪು ನೀನೇ ನೋಡು ಮಗು,” ಎಂದು ಮಾವ ಹೇಳಿದ್ದು ಕಿರಿಯ ಸೊಸೆಗೆ. ಹೇಳುವಾಗ ಅವರು ಹಿರಿಯವಳ ಕಡೆ ನೋಡಲೂ ಇಲ್ಲ. ನೋಡಿದ್ದರೆ ಇನ್ನೂ ಕೆಡುಕಾಗುತ್ತಿತ್ತೋ ಏನೋ. ಹಿರಿಯವಳು ಕುರ್ಚಿಯೊಂದರ ಬೆನ್ನಿಗೆ ಮರಳುಕಾಗದ ತಿಕ್ಕುತ್ತ ಕೂತಿದ್ದಳು. ಕೈ ನಿಂತರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ನಿಲ್ಲಿಸದೆ, ಇನ್ನಷ್ಟು ಜೋರಾಗಿ ತಿಕ್ಕಿದಳು. ಒಂದು ಕಡೆ ಮರ ತಗ್ಗೇ ಆಯಿತು. ಕಿಟಕಿಯ ಕಟ್ಟೆಯ ಮೇಲೆ ಅಂಚು ಮುಕ್ಕಾದ ಪಿಂಗಾಣಿ ಬಟ್ಟಲು, ಅದರಲ್ಲಿ ಒಂದು ಹಿಡಿ ಉಪ್ಪು. ಆ ಮನೆಯಲ್ಲಿ ಮರಕ್ಕೆ ಅರಗಿನ ಪಾಲಿಶ್ ಹಚ್ಚುವುದು ಯಾರ ಅಪ್ಪಣೆಯ ಮೇಲೂ ಅಲ್ಲ, ಆ ಬಟ್ಟಲಿನ ಅಪ್ಪಣೆಯ ಮೇಲೆ. ಬೆಳಿಗ್ಗೆ ಮಾವ ಬಂದು ಅದಕ್ಕೆ ಬೆರಳಿಟ್ಟು, ಒಂದು ಚಿಟಿಕೆ ಎತ್ತಿ ಉಜ್ಜಿ ನೋಡುತ್ತಿದ್ದರು. ಹರಳು ಹರಳಾಗಿ ಉದುರಿದರೆ ಕೆಲಸ ಶುರು. ಬೆರಳಿಗೆ ಅಂಟಿದರೆ ಅರಗಿನ ಬಾಟಲಿಯ ಮುಚ್ಚಳ ತೆಗೆಯುವಂತಿಲ್ಲ. ಗಾಳಿಯಲ್ಲಿ ನೀರಿರುವಾಗ ಹಚ್ಚಿದ ಅರಗು ತೇವವನ್ನು ಒಳಗೆ ಹಿಡಿದುಕೊಂಡು, ಹೊಳೆಯುವ ಬದಲು ಮರದ ತುಂಬ ಬೆಳ್ಳಗೆ ಮಬ್ಬು ಕಟ್ಟುತ್ತದೆ. ಕಡಲಿಗೆ ಇಷ್ಟು ಹತ್ತಿರದ ಊರಿನಲ್ಲಿ ವರ್ಷವಿಡೀ ಉಪ್ಪು ಬೆವರುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಮಾತ್ರ ಗಾಳಿ ಒಣಗುತ್ತದೆ, ವರ್ಷದ ಸಾಮಾನಿಗೆಲ್ಲ ಆಗಲೇ ಬಣ್ಣ ಬರಬೇಕು. ಈ ವರ್ಷ ಆ ಚಳಿಗಾಲವೇ ಬಂದಿರಲಿಲ್ಲ. ಸ್ವೆಟರು ಹಾಕಬೇಕಾದ ತಿಂಗಳಲ್ಲಿ ಕುತ್ತಿಗೆಯಲ್ಲಿ ಬೆವರು, ಮೂರು ಹೊತ್ತೂ ಜಿಟಿಜಿಟಿ ಮಳೆ, ಗೋಡೆಗೆ ಕೈಯಿಟ್ಟರೆ ಕೈ ಒದ್ದೆ. ಪಾಲಿಶಿಗೆ ಕಾದು ಕೂತ ಬೋಳು ಮೇಜು, ಬೋಳು ಕಪಾಟು, ಬೋಳು ಮಂಚಗಳು ಕೆಲಸದ ಕೋಣೆ ತುಂಬಿ ನಡುಮನೆಗೂ ಬಂದಿದ್ದವು. ರಾತ್ರಿ ನೀರು ಕುಡಿಯಲು ಎದ್ದವರು ಯಾವುದಾದರೊಂದರ ಕಾಲಿಗೆ ಮೊಣಕಾಲು ತಗುಲಿಸಿಕೊಳ್ಳದೆ ಅಡಿಗೆಮನೆ ಮುಟ್ಟುತ್ತಿರಲಿಲ್ಲ.

“ಅಂಟ್ತಿದೆ ಮಾವ,” ಎಂದಳು ಕಿರಿಯವಳು. ಅವಳು ಬೆರಳು ಉಜ್ಜಿದ ರೀತಿ ಮಾವನದೇ, ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಣ್ಣು ಬೇರೆಲ್ಲೋ. ಯಾವಾಗ ನೋಡಿ ಕಲಿತಳೋ. ಹಿರಿಯವಳು ಮದುವೆಯಾಗಿ ಬಂದಾಗ ಈ ಮನೆಯ ಅರಗು ಕರಗಿಸುವ ಸ್ಪಿರಿಟಿನ ವಾಸನೆಗೆ ವಾಂತಿ ಮಾಡಿಕೊಂಡಿದ್ದಳು, ಅತ್ತೆ ಇನ್ನೂ ಇದ್ದರು, ನಕ್ಕು ಮೂಗಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ಅತ್ತೆ ಹೋದ ಮೇಲೆ ಅತ್ತೆಯ ಕೆಲಸ ಮಾಡುವವರಿಲ್ಲದೆ ಮಾವ ಒಂದು ದಿನ ಹಳೆಯ ಬಟ್ಟೆಯಲ್ಲಿ ಹತ್ತಿ ಕಟ್ಟಿದ ಉಂಡೆಯನ್ನು ಅವಳ ಕೈಗಿತ್ತು, ಮಣಿಕಟ್ಟು ಹಿಡಿದು ಮರದ ಮೇಲೆ ಸುತ್ತಿಸಿದ್ದರು. ಉಂಡೆ ಎಲ್ಲೂ ನಿಲ್ಲಬಾರದು, ನಿಂತ ಕಡೆ ಕಲೆ. ಸುತ್ತು, ಸುತ್ತು, ಎಂಟರ ಹಾಗೆ, ಮತ್ತೆ ಸುತ್ತು. “ನಿನ್ನ ಕೈಲಿ ಅವಸರ ಇಲ್ಲಮ್ಮ,” ಎಂದಿದ್ದರು. ಗಂಡ ಹೇಳಿದ ಯಾವ ಪ್ರೀತಿಯ ಮಾತನ್ನೂ ಅವಳು ಇಷ್ಟು ಜೋಪಾನವಾಗಿ ಇಟ್ಟುಕೊಂಡಿರಲಿಲ್ಲ. ಊರಿನಲ್ಲಿ ಮಾವನಿಗೆ ಕನ್ನಡಿ ತಾತ ಎಂದು ಹೆಸರು. ಅವರು ಪಾಲಿಶ್ ಮಾಡಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎನ್ನುತ್ತಿದ್ದರು. ಆ ಕನ್ನಡಿಯಲ್ಲಿ ಅರ್ಧ ತನ್ನದು ಎಂದು ಅವಳಿಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು, ಸಾಕಾಗಿತ್ತು. ಅವಳ ಬಲಗೈಯ ಮೂರು ಬೆರಳ ತುದಿಗೆ ಜೇನಿನ ಬಣ್ಣ ಹತ್ತಿ, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಅದನ್ನು ನೋಡಿ ಏನಾಯಿತು ಎಂದು ಕೇಳಿದರೆ ಕೈ ಮುಚ್ಚಿಕೊಳ್ಳುತ್ತಿದ್ದಳು, ಒಳಗೊಳಗೆ ಮಾತ್ರ ಬಂಗಾರದ ಉಂಗುರ ಮುಚ್ಚಿಕೊಂಡಷ್ಟೇ ಜಂಬ. ಮೊನ್ನೆ ಇಬ್ಬರೂ ಒಟ್ಟಿಗೆ ಪಾತ್ರೆ ತೊಳೆಯುವಾಗ ಮಾವ ಚೂರು ಮರದಲ್ಲಿ ಪಾಲಿಶ್ ಕಲಿಸುತ್ತಿದ್ದ ಕಿರಿಯವಳ ಬೆರಳ ತುದಿಯಲ್ಲಿ ಅದೇ ಜೇನಿನ ಬಣ್ಣ ಕಂಡಿತು. “ನೋಡಿ ಅಕ್ಕ, ನಂಗೂ ಬಂತು,” ಎಂದು ಆ ಹುಡುಗಿ ಕೈ ಚಾಚಿ ಖುಷಿಪಟ್ಟಿದ್ದಳು. “ನಿಂಬೆಹಣ್ಣು ತಿಕ್ಕಿದ್ರೆ ಹೋಗುತ್ತೆ,” ಎಂದಿದ್ದಳು ಹಿರಿಯವಳು. ಹೋಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವಳಿಗೆ ಬೇಕಾಗಿದ್ದದ್ದು ಆ ಬಟ್ಟಲು, ಬೇರೇನೂ ಅಲ್ಲ. ಅಂಗಡಿಯ ಬೀಗದ ಕೈ ಬೇಡ, ಮೈದುನ ಗಾಡಿಯಲ್ಲಿ ಸಾಮಾನು ಸಾಗಿಸಿ ತರುವ ಹಣ ಬೇಡ. ಮಾವನ ಕೈ ನಡುಗಲು ಶುರುವಾದಾಗಿನಿಂದ ಒಂದು ಬೆಳಿಗ್ಗೆ ಅವರು ತನ್ನನ್ನು ಕರೆದು, ಇನ್ನು ನೀನು ನೋಡಮ್ಮ ಎಂದು ಹೇಳುವುದನ್ನು ಎಷ್ಟು ಬಾರಿ ಕಲ್ಪಿಸಿಕೊಂಡಿದ್ದಳೆಂದರೆ, ಅದು ಆಗಿಹೋದದ್ದೇ ಎಂಬಂತೆ ಇತ್ತು. ಇದನ್ನು ಯಾರಿಗೆ ಹೇಳುವುದು? ಗಂಡನಿಗೆ ಹೇಳಿ ನೋಡಿದಳು. ಅವನು ಚಿಲಕಕ್ಕೆ ಎಣ್ಣೆ ಬಿಡುತ್ತ, “ಉಪ್ಪು ಮುಟ್ಟಿ ನೋಡೋಕೂ ಪಟ್ಟಾಭಿಷೇಕಾನಾ ನಿಮ್ಮಲ್ಲಿ?” ಎಂದು ನಕ್ಕ. “ನಗ್ಬೇಡಿ. ಇಷ್ಟು ವರ್ಷ ಇಲ್ಲಿ ಕೈ ಸವೆಸಿದ್ದು ಯಾರು?” “ಯಾರು ಇಲ್ಲಾಂದ್ರು? ಅಪ್ಪನಿಗೆ ಇನ್ನೂ ಒಬ್ರನ್ನ ತಯಾರು ಮಾಡೋ ಆಸೆ. ನಿನಗೆ ಬರೋದನ್ನ ನಿನಗೇ ಮತ್ತೆ ಕಲಿಸ್ತಾರಾ?” ಅವನು ಹೇಳಿದ್ದು ಸರಿ ಇರಬಹುದು. ಸರಿ ಇದ್ದದ್ದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಇಷ್ಟು ಚಿಕ್ಕ ವಿಷಯಕ್ಕೆ ತನ್ನ ಹೊಟ್ಟೆ ಹೀಗೆ ಉರಿಯುತ್ತಿದೆಯಲ್ಲ ಎಂದು ನಾಚಿಕೆ, ನಾಚಿಕೆಪಡಿಸಿದ್ದಕ್ಕೆ ಕಿರಿಯವಳ ಮೇಲೆಯೇ ಮತ್ತಷ್ಟು ಉರಿ. ಆ ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬಾಯಿಬಡುಕಿಯಾಗಿದ್ದರೆ, ಸೋಮಾರಿಯಾಗಿದ್ದರೆ, ಗಂಡನ ಕಿವಿ ಊದುವವಳಾಗಿದ್ದರೆ. ಅವಳೋ ಬೆಳಿಗ್ಗೆ ಎದ್ದು ಇಬ್ಬರ ಬಟ್ಟೆಯನ್ನೂ ಒಗೆದು, ಒಣಗದ ಬಟ್ಟೆಯನ್ನು ಒಲೆಯ ಹತ್ತಿರ ಹಿಡಿದು, ಅಕ್ಕನದನ್ನು ಮೊದಲು ಮಡಚಿಡುತ್ತಿದ್ದಳು. ದ್ವೇಷಿಸಲು ಹಿಡಿ ಸಿಗದ ಮನುಷ್ಯರ ಜೊತೆ ಬದುಕುವುದು ಬಲು ಕಷ್ಟ.

ಡಾಕ್ಟರಮ್ಮ ಬಂದದ್ದು ಅದಾದ ಮೇಲೆ. ಈ ತಿಂಗಳು ಮುಗಿಯುವುದರೊಳಗೆ ಅವರ ಹೊಸ ಮನೆಗೆ ಊಟದ ಮೇಜು ಹೋಗಬೇಕಿತ್ತು. ಹನ್ನೆರಡು ಜನ ಕೂರುವ ಮೇಜು, ತೇಗದ್ದು, ಕಾಲುಗಳಿಗೆ ಬಳ್ಳಿಯ ಕೆತ್ತನೆ. ಮಾವ ಕೆಲಸ ಹಂಚಿದ್ದರು. ಮೇಲಿನ ಹಲಗೆ ಮಗುವಿಗೆ, ಕಾಲು ಹಿರಿಯವಳಿಗೆ. “ಕೆತ್ತನೆ ಸಂದೀಲಿ ಅರಗು ನಿಲ್ಲದ ಹಾಗೆ ಮಾಡೋದು ಎಲ್ರಿಗೂ ಆಗೋ ಮಾತಲ್ಲ, ಅದಕ್ಕೆ ಪಳಗಿದ ಕೈ ಬೇಕು,” ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಆದರೆ ಮೇಜಿನ ಕಾಲನ್ನು ಯಾರು ಬಗ್ಗಿ ನೋಡುತ್ತಾರೆ? ಮುಖ ಕಾಣುವುದು ಮೇಲಿನ ಹಲಗೆಯಲ್ಲಿ. ಡಾಕ್ಟರಮ್ಮ ಒದ್ದೆ ಕೊಡೆಯನ್ನು ಬಾಗಿಲಲ್ಲಿ ಒದರಿ, ಬೀಸಣಿಗೆ ಕೇಳಿ, ಇದೆಂಥಾ ಚಳಿಗಾಲ, ಆಸ್ಪತ್ರೆ ತುಂಬ ಜ್ವರದವರು ಎಂದು ಗೊಣಗಿ, ಹಲಗೆಯ ಮೇಲೆ ಕೈಯಾಡಿಸಿದರು. “ಇದನ್ನ ಯಾರು ಇಷ್ಟು ನುಣುಪು ಮಾಡಿದ್ದು?” ಮಾವ ಕಿರಿಯವಳ ಹೆಗಲು ತಟ್ಟಿ, “ಇವಳೇ. ನನ್ನ ಆಮೇಲಿನ ಕೈ ಇದು,” ಎಂದರು. ಹಿರಿಯವಳು ಆ ಹೊತ್ತಿಗೆ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರಮ್ಮ ಚಹಾ ಕುಡಿದು, ಮಾತಿನ ನಡುವೆ ಖಾಲಿ ಲೋಟವನ್ನು ಅವಳ ಕಡೆ ಚಾಚಿದರು, ಮುಖ ನೋಡದೆ. ಅವಳು ತೆಗೆದುಕೊಂಡಳು. ಲೋಟ ತೊಳೆಯುವಾಗ ಮತ್ತೆ ಮತ್ತೆ ಆ ಮಾತೇ. ಆಮೇಲಿನ ಕೈ. ಹಾಗಾದರೆ ಈಗಿನ ಕೈ ಯಾವುದು? ಒಂದೇ ಲೋಟವನ್ನು ಎಷ್ಟು ಹೊತ್ತು ತೊಳೆದಳೋ, ಹೊರಗೆ ಡಾಕ್ಟರಮ್ಮನ ಕಾರು ಹೊರಟು, ಮಳೆ ನಿಂತು, ಮತ್ತೆ ಶುರುವಾದದ್ದೂ ತಿಳಿಯಲಿಲ್ಲ.

ಮರುದಿನ ಬೆಳಗಾಗುವಾಗ ಮಳೆ ಇರಲಿಲ್ಲ. ಬಿಸಿಲಿನ ಹಾಗೆ ಏನೋ ಒಂದು ಬೆಳಕು ಇತ್ತು, ನೋಡಿದವರಿಗೆ ಗಾಳಿ ಒಣಗಿತೇನೋ ಅನ್ನಿಸುವಷ್ಟು. ಹಿರಿಯವಳು ಚಹಾಕ್ಕೆ ನೀರಿಡಲು ಎದ್ದವಳು ಒಲೆ ಹೊತ್ತಿಸಿ, ಕೆಲಸದ ಕೋಣೆಗೆ ಹೋಗಿ ಬಟ್ಟಲಿಗೆ ಬೆರಳಿಟ್ಟಳು. ಯಾರೂ ಇರಲಿಲ್ಲ. ಉಪ್ಪು ಬೆರಳಿಗೆ ಅಂಟಿತು. ಒದ್ದೆ, ಎಂದುಕೊಂಡಳು, ಮಾವನ ದನಿಯಲ್ಲಿ. ಬಟ್ಟಲನ್ನು ಎತ್ತಿ ಅಡಿಗೆಮನೆಗೆ ತಂದದ್ದು ಸುಮ್ಮನೆ. ಬಾಣಲೆಗೆ ಸುರಿದದ್ದೂ ಸುಮ್ಮನೆ ಎಂದೇ ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಬಾಣಲೆಯ ಕೆಳಗೆ ಬೆಂಕಿ ಸಣ್ಣದು ಮಾಡಿದ್ದು ಸುಮ್ಮನೆ ಅಲ್ಲ. ಉಪ್ಪು ಹೊತ್ತಬಾರದು, ಬಣ್ಣ ಬರಬಾರದು ಎಂದು ಅಷ್ಟು ನಾಜೂಕಾಗಿ ಸೌಟು ಆಡಿಸಿದ್ದು ಸುಮ್ಮನೆ ಅಲ್ಲ. ಅವಸರವಿಲ್ಲದ ಕೈ ಅದು, ಆ ಹೊತ್ತಿನಲ್ಲೂ. ಮುದ್ದೆ ಬಿಟ್ಟುಕೊಂಡು ಹರಳುಗಳು ಚಟಪಟ ಎಂದು ಬೇರೆ ಬೇರೆಯಾದವು. ಯಾರೋ ಎದ್ದರು, ಬಚ್ಚಲ ಬಾಗಿಲು ಸದ್ದಾಯಿತು. ಆರಲು ಬಿಡುವಷ್ಟು ಸಮಯವಿಲ್ಲದೆ ಬಟ್ಟಲಿಗೆ ತುಂಬಿ, ಚಾಚಿದ ಸೆರಗಿನಲ್ಲಿ ಹಿಡಿದು ಓಡಿಹೋಗಿ ಕಿಟಕಿಯಲ್ಲಿಟ್ಟಳು. ತೋರುಬೆರಳಿನ ತುದಿ ಬಾಣಲೆಗೆ ತಗುಲಿ ಚುರ್ ಎಂದಿತ್ತು. ಉಪ್ಪು ಬೆಚ್ಚಗಿದೆಯಲ್ಲ ಎಂದು ಬಟ್ಟಲಿಗೆ ಒಮ್ಮೆ ಮತ್ತೆ ಕೈ ಚಾಚಿದಳು, ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. ಈ ತಿಂಗಳಲ್ಲಿ ಯಾವುದು ತಣ್ಣಗಿದೆ? ಕುಡಿಯುವ ನೀರು ಬೆಚ್ಚಗೆ, ನೆಲ ಬೆಚ್ಚಗೆ, ಹೊದಿಕೆ ಬೆಚ್ಚಗೆ. ಬೆಚ್ಚಗಿನ ಉಪ್ಪನ್ನು ಯಾರು ಅನುಮಾನಿಸುತ್ತಾರೆ? ಇನ್ನು ಮಾವನ ಬೆರಳೋ, ಅರಗು ತಿಕ್ಕಿ ತಿಕ್ಕಿ ಕೊಂಬಿನ ಹಾಗೆ ಗಟ್ಟಿಯಾಗಿದೆ. ಕುದಿಯುವ ಗೋಂದಿನ ಡಬ್ಬಿಯನ್ನು ಬರಿಗೈಯಲ್ಲಿ ಇಳಿಸುವವರು ಅವರು. ಅವರಿಗೆ ಹರಳು ತಿಳಿಯುತ್ತದೆ, ಬಿಸಿ ತಿಳಿಯುವುದಿಲ್ಲ.

“ಅಕ್ಕಾ! ಒಣಗಿದೆ ಅಕ್ಕ! ಬನ್ನಿ, ನೋಡಿ!” ಕಿರಿಯವಳ ದನಿಯಲ್ಲಿ ಎಂಥ ಸಂತೋಷವಿತ್ತೆಂದರೆ, ಒಂದು ಗಳಿಗೆ ಹಿರಿಯವಳಿಗೇ ನಿಜವಾಗಿ ಒಣಗಿದೆ ಅನ್ನಿಸಿತು. “ನೀನು ನೋಡಿದ್ಯಲ್ಲ, ಇನ್ನು ನಾನ್ಯಾಕೆ?” ಎಂದಳು ಅಡಿಗೆಮನೆಯಿಂದಲೇ. “ಮಾವ ಸ್ನಾನಕ್ಕೆ ಹೋಗಿದ್ದಾರೆ. ಕಾಯ್ಲಾ?” ಇದೊಂದು ಪ್ರಶ್ನೆಗೆ ಅವಳು ಕಾಯು ಎನ್ನಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು. “ನಿನಗೆ ವಹಿಸಿದ್ದಾರೆ ಅಂದ್ಮೇಲೆ ಕಾಯೋದೇನು? ಮತ್ತೆ ಮಳೆ ಬಂದ್ರೆ?” ಎಂದಳು. ಸ್ವಲ್ಪ ಹೊತ್ತಿಗೆ ಸ್ಪಿರಿಟಿನ ವಾಸನೆ ಮನೆ ತುಂಬ ಹರಡಿತು. ಹಿರಿಯವಳು ಬಾಗಿಲಿಗೆ ಬಂದು ನಿಂತು ನೋಡಿದಳು. ಹುಡುಗಿಯ ಕೈ ಚೆನ್ನಾಗಿ ಓಡುತ್ತಿತ್ತು, ಅದನ್ನು ಒಪ್ಪದೆ ವಿಧಿಯಿಲ್ಲ. ಉಂಡೆ ಎಲ್ಲೂ ನಿಲ್ಲಲಿಲ್ಲ. ಸುತ್ತು, ಎಂಟು, ಮತ್ತೆ ಸುತ್ತು. ತೇಗದ ಗೆರೆಗಳು ಒಂದೊಂದಾಗಿ ಎದ್ದು ಬಂದು ಹಲಗೆ ಒಳಗಿನಿಂದ ಬೆಳಗಿತು. ಮಬ್ಬು ಕಟ್ಟುವುದೇ ಇಲ್ಲವೇನೋ, ಹುಡುಗಿ ಉಳಿದುಬಿಟ್ಟಳೇನೋ ಎಂದು ಹಿರಿಯವಳಿಗೆ ಒಮ್ಮೆ ನಿರಾಳ, ಒಮ್ಮೆ ನಿರಾಸೆ, ಎರಡೂ ಒಟ್ಟಿಗೆ ಆದವು. ಆಮೇಲೆ ಆ ತುದಿಯಲ್ಲಿ, ಮೊದಲು ಹಚ್ಚಿದ ಕಡೆ, ಯಾರೋ ಬಾಯಿಂದ ಹಬೆ ಊದಿದ ಹಾಗೆ ಕಾಣಿಸಿತು. ಕಿರಿಯವಳು ಬೆರಳಿಂದ ಒರೆಸಿದಳು. ಹೋಗಲಿಲ್ಲ. ಸೆರಗಿನಿಂದ ಒರೆಸಿದಳು. ಮಬ್ಬು ಅವಳ ಕೈ ಹೋದ ದಾರಿಯಲ್ಲೇ ಹಿಂದೆ ಹಿಂದೆ ಬಂದು, ನೋಡನೋಡುತ್ತಿದ್ದಂತೆ ಹಲಗೆಯ ಉದ್ದಕ್ಕೂ ಹಾಲು ಚೆಲ್ಲಿದಂತಾಯಿತು. “ಅಕ್ಕ, ಏನಾಗ್ತಿದೆ ಇದು?” ಎಂದು ಕೇಳಿದವಳ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು. ಹಿರಿಯವಳಿಗೆ ಏನು ಅನ್ನಿಸಿತು ಎಂದರೆ, ಹೇಳಲು ನಾಚಿಕೆಯಾಗುವಷ್ಟು ಸುಖ ಅನ್ನಿಸಿತು. ಅದು ಇದ್ದದ್ದು ಒಂದು ಉಸಿರಿನಷ್ಟು ಹೊತ್ತು.

ಮಾವ ಒದ್ದೆ ತಲೆಯಲ್ಲೇ ಬಂದರು. ಮೇಜು ನೋಡಿದರು. “ಉಪ್ಪು ಒಣಗಿತ್ತು ಮಾವ, ದೇವರಾಣೆ ಒಣಗಿತ್ತು, ಬೇಕಾದ್ರೆ ನೀವೇ ನೋಡಿ,” ಎಂದು ಕಿರಿಯವಳು ಅಳತೊಡಗಿದಳು. ಅವರು ಕಿಟಕಿಗೆ ಹೋಗಿ ಬಟ್ಟಲಿಗೆ ಬೆರಳಿಟ್ಟರು. ಸಾಮಾನ್ಯವಾಗಿ ಇಟ್ಟು ತೆಗೆಯುವ ಬೆರಳು ಇವತ್ತು ಉಪ್ಪಿನ ತಳದವರೆಗೂ ಇಳಿದು ಹಾಗೇ ಇತ್ತು. ಗೋಡೆಯ ಮೇಲಿನ ನೀರಿನ ಹನಿಯೊಂದು ಇಳಿಯುತ್ತ ಇಳಿಯುತ್ತ ಕಿಟಕಿಯ ಕಟ್ಟೆಗೆ ಬಂದು ಸೇರಿತು. ಹಿರಿಯವಳು ಸುಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ತಪ್ಪು ನಂದೇ,” ಎಂದರು ಮಾವ ಕೊನೆಗೆ, ಕಿಟಕಿಯ ಕಡೆಗೇ ಮುಖ ಮಾಡಿ. “ನಿಂಗೆ ಇಷ್ಟು ಬೇಗ ಕೊಡಬಾರದಿತ್ತು. ಗೋಡೆನೂ ಮುಟ್ಟಿ ನೋಡು ಅಂತ ಹೇಳಿಕೊಡಲಿಲ್ಲ ನಾನು.” ಆಮೇಲೆ ತಿರುಗಿ, ಹಿರಿಯವಳಿಗೆ: “ನಾಳೆಯಿಂದ ಉಪ್ಪು ನೀನು ನೋಡಮ್ಮ.”

ಸಿಕ್ಕಿತಲ್ಲ ಬಟ್ಟಲು. ಗಂಡ, ಮೈದುನ ಇಬ್ಬರೂ ಸೇರಿ ಹಲಗೆಯನ್ನು ಸ್ಪಿರಿಟಿನಲ್ಲಿ ತೊಳೆದು, ಮತ್ತೆ ಮರಳುಕಾಗದ ಹಿಡಿದು ಬೋಳು ಮಾಡಿ ನಿಲ್ಲಿಸಿದರು. ಡಾಕ್ಟರಮ್ಮ ಫೋನಿನಲ್ಲಿ ಕೂಗಾಡಿದ್ದನ್ನು ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಇಷ್ಟು ವರ್ಷದಲ್ಲಿ ಕನ್ನಡಿ ತಾತ ಯಾರ ಮುಂದೆಯೂ ನನ್ನಿಂದ ತಪ್ಪಾಯಿತು ಎಂದದ್ದಿಲ್ಲ. ಹಿರಿಯವಳು ಪ್ರತಿ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಮನೆಯವರೆಲ್ಲ ಕಾದು ನಿಂತಿರುವಾಗ ಹೋಗಿ ಉಪ್ಪಿಗೆ ಬೆರಳಿಡುತ್ತಿದ್ದಳು. “ಒದ್ದೆ ಮಾವ.” ಅಷ್ಟೇ ಅವಳ ಪಟ್ಟಾಭಿಷೇಕ. ಮಳೆ ಬಿಡಲಿಲ್ಲ, ಚಳಿ ಬರಲಿಲ್ಲ, ಅವಳು ಬೇರೆ ಮಾತನ್ನು ಹೇಳುವ ಬೆಳಿಗ್ಗೆಯೇ ಹುಟ್ಟಲಿಲ್ಲ. ಕಿರಿಯವಳು ಕೆಲಸದ ಕೋಣೆಗೆ ಕಾಲಿಡುವುದನ್ನು ಬಿಟ್ಟಿದ್ದಳು. ಕರೆದರೆ, “ನನ್ನ ಕೈಗೆ ತಿಳಿಯಲ್ಲ ಅಕ್ಕ, ಮತ್ತೆ ಯಾವುದನ್ನೋ ಹಾಳು ಮಾಡ್ತೀನಿ,” ಎಂದು ಪಾತ್ರೆಗಳ ಕಡೆ ತಿರುಗುತ್ತಿದ್ದಳು. ಅಡಿಗೆ ಮಾಡುವಾಗಲೂ ಉಪ್ಪು ಹಾಕಲು ಹೆದರಿ ಸಪ್ಪೆ ಮಾಡಿ ಬಡಿಸುತ್ತಿದ್ದಳು, ಎಲ್ಲರೂ ಹಾಗೇ ತಿನ್ನುತ್ತಿದ್ದರು. ಇಷ್ಟಾದ ಮೇಲಾದರೂ ಹೊಟ್ಟೆಯ ಉರಿ ಆರಬೇಕಿತ್ತು. ಆರಲಿಲ್ಲ. ಮಾವ ಈಗ ಮಧ್ಯಾಹ್ನವೆಲ್ಲ ಅಡಿಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕೂತು, ಆ ಹುಡುಗಿಗೆ ತಾವು ಚಿಕ್ಕಂದಿನಲ್ಲಿ ಹಾಳು ಮಾಡಿದ ಕಪಾಟುಗಳ ಕಥೆ ಹೇಳುತ್ತಿದ್ದರು. ಅತ್ತೆಗೆ ಹೇಳದ ಕಥೆ, ತನಗೆ ಹೇಳದ ಕಥೆ. ಒಮ್ಮೆ ಹುಡುಗಿ ನಕ್ಕದ್ದೂ ಕೇಳಿಸಿತು. ಹಿರಿಯವಳು ಬಳ್ಳಿ ಕೆತ್ತನೆಯ ಕಾಲಿನ ಧೂಳು ಒರೆಸುತ್ತ ಕೂತು, ತಾನು ಕಿತ್ತುಕೊಂಡದ್ದಕ್ಕಿಂತ ಹೆಚ್ಚು ಅವಳಿಗೆ ಹೇಗೆ ಸಿಕ್ಕಿತು ಎಂದು ಲೆಕ್ಕ ಹಾಕಿದಳು, ಹತ್ತಲಿಲ್ಲ. ಬೆರಳಿನ ಬೊಕ್ಕೆ ಒಡೆದು, ಚರ್ಮ ಸುಲಿದು, ಜೇನಿನ ಬಣ್ಣದ ನಡುವೆ ಕೆಂಪಗೆ ಹೊಸ ಚರ್ಮ ಬಂದಿತ್ತು. ಆ ಬೆರಳನ್ನೇ ದಿನಾ ಉಪ್ಪಿಗಿಡಬೇಕು. ಎಡಗೈ ಇಡಬಹುದಿತ್ತು, ಇಡಲಿಲ್ಲ.

ತಿಂಗಳ ಕೊನೆಯ ಒಂದು ಬೆಳಿಗ್ಗೆ ಮಾವ ಎಲ್ಲರಿಗಿಂತ ಮೊದಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಹೊರಗೆ ಮಳೆ. “ಹೇಗಿದೆ ಉಪ್ಪು?” ಎಂದು ಕೇಳಿದರು. ಬೆರಳಿಟ್ಟಳು, ಸುಲಿದ ಚರ್ಮಕ್ಕೆ ಉರಿಯಿತು. “ಒದ್ದೆ ಮಾವ.” ಅವರು ಏಳಲಿಲ್ಲ. ಒಂದು ಕುರ್ಚಿಯ ತೋಳನ್ನು ಸವರುತ್ತ, ದಿನಸಿ ವಿಚಾರ ಕೇಳುವಷ್ಟು ಮೆಲ್ಲಗೆ ಕೇಳಿದರು: “ತಣ್ಣಗಿದೆಯೇನಮ್ಮ?”

ಅವಳ ಬೆರಳು ಉಪ್ಪಿನಲ್ಲೇ ಇತ್ತು. ಅಡಿಗೆಮನೆಯಲ್ಲಿ ಕಿರಿಯವಳು ಲೋಟಗಳನ್ನು ಜೋಡಿಸುವ ಸದ್ದು. ಮಾವನ ಕೊಂಬಿನಂಥ ಬೆರಳು, ಬಿಸಿ ತಿಳಿಯದ ಬೆರಳು ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದ ಬೆರಳು ಅಂದು ಈ ಬಟ್ಟಲಿನಲ್ಲಿ ಎಷ್ಟು ಹೊತ್ತು ಇತ್ತು ಎಂಬುದು ಅವಳಿಗೆ ಈಗ ನೆನಪಾಯಿತು. ಅಷ್ಟೂ ಹೊತ್ತು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಪ್ಪು ನಂದು ಎಂದರು, ಗೊತ್ತಿದ್ದೇ ಡಾಕ್ಟರಮ್ಮನ ಬೈಗುಳ ತಿಂದರು, ಗೊತ್ತಿದ್ದೇ ಬಟ್ಟಲು ಕೊಟ್ಟರು. ಇನ್ನೊಂದು ಕೈಯಿಂದ ಕಿಟಕಿಯ ಕಟ್ಟೆ ಹಿಡಿದುಕೊಂಡಳು.

“ತಣ್ಣಗಿದೆ,” ಎಂದಳು. ಬೆರಳು ಹೊರತೆಗೆದು, “ಅವತ್ತು ಬಿಸಿಯಿತ್ತು ಮಾವ.”

“ಗೊತ್ತು.” ಅವರು ಎದ್ದರು, ಸೊಂಟ ಹಿಡಿದುಕೊಂಡು. “ಆ ಮಗೂಗೆ ಗೊತ್ತಿಲ್ಲ. ತನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಕೂತಿದೆ. ನಾನು ಹೇಳಲ್ಲ. ನಾನು ಹೇಳಿದ್ರೆ ಈ ಮನೇಲಿ ನೀವಿಬ್ರೂ ಇನ್ನು ಒಂದೇ ಮೇಜಿಗೆ ಕೈ ಹಾಕಲ್ಲ.” ಹಾಗೇ ಹೊರಗೆ ನಡೆದರು. ಇಷ್ಟರ ನಡುವೆಯೂ ಅವಳಿಗೆ ಮೊದಲು ಚುಚ್ಚಿದ್ದು ಅವರು ಮಗು ಎಂದದ್ದೇ. ಥೂ, ನನ್ನ ಜನ್ಮಕ್ಕಿಷ್ಟು, ಎಂದುಕೊಂಡಳು. ಕಣ್ಣೀರು ಬಂದರೆ ಅನುಕೂಲವಾಗುತ್ತಿತ್ತು, ಬರಲಿಲ್ಲ.

ಬಟ್ಟಲು ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಕಿರಿಯವಳು ಸರಿದು ಜಾಗ ಕೊಟ್ಟು, “ಇವತ್ತೂ ಒದ್ದೇನಾ ಅಕ್ಕ?” ಎಂದಳು. ಹಿರಿಯವಳು ಅದೇ ಬಾಣಲೆಯನ್ನು ತೆಗೆದು ಒಲೆಯ ಮೇಲಿಟ್ಟು ಉಪ್ಪು ಸುರಿದಳು. ಬೆಂಕಿ ಸಣ್ಣದು ಮಾಡಿದಳು, ಸೌಟು ಆಡಿಸಿದಳು. ಅವಸರ ಮಾಡಬೇಕೆಂದರೂ ಕೈಗೆ ಅವಸರ ಬರುತ್ತಿರಲಿಲ್ಲ. ಮುದ್ದೆ ಬಿಟ್ಟು ಹರಳುಗಳು ಚಟಪಟ ಎಂದವು. ಬಟ್ಟಲಿಗೆ ತುಂಬಿದಳು. ಕಿರಿಯವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಅಕ್ಕನ ಮುಖ ಒಮ್ಮೆ, ಬಟ್ಟಲು ಒಮ್ಮೆ ನೋಡುತ್ತ ನಿಂತಿದ್ದಳು.

“ಬೆರಳಿಡು.”

“ನಂಗೆ ತಿಳಿಯಲ್ಲ ಅಕ್ಕ.”

“ತಿಳಿಯುತ್ತೆ. ಇಡು.”

ಹುಡುಗಿ ಇಟ್ಟಳು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಣ್ಣು ಬೇರೆಲ್ಲೋ. ಒಂದು ಚಿಟಿಕೆ ಎತ್ತಿ ಉಜ್ಜಿದಳು; ಹರಳುಗಳು ಬೇರೆ ಬೇರೆಯಾಗಿ ಉದುರಿದವು. ಮುಖ ಒಮ್ಮೆ ಅರಳಿತು. ಆಮೇಲೆ ಬೆರಳನ್ನು ಮತ್ತೆ ಉಪ್ಪಿನೊಳಗೆ ಇಳಿಸಿದಳು, ಮಾವ ಇಳಿಸಿದ ಹಾಗೆಯೇ, ಮತ್ತು ತೆಗೆಯಲಿಲ್ಲ. ಬೇರೆಲ್ಲೋ ಇದ್ದ ಕಣ್ಣು ನಿಧಾನವಾಗಿ ಬಂದು ಹಿರಿಯವಳ ಸುಲಿದ ಬೆರಳಿನ ಮೇಲೆ ನಿಂತಿತು.

“ಅವತ್ತೂ ಹೀಗೇ ಇತ್ತು,” ಎಂದಳು.

“ಹೌದು,” ಎಂದಳು ಹಿರಿಯವಳು, ಮತ್ತು ಕೈಯನ್ನು ಮುಚ್ಚಿಕೊಳ್ಳಲಿಲ್ಲ.